ತೂತಿಲ್ಲದ ಪತ್ರೆ

ನನ್ನ ಭಾವನಿಗೆ, ಅಂದರೆ ಗಂಡನ ಅಣ್ಣನಿಗೆ, ದೇಶದ ಚಿಟ್ಟೆಗಳೆಲ್ಲ ಬಾಯಿಪಾಠ. ಕಡೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಅಜ್ಜಂಪುರದ ನಮ್ಮ ನಡುಮನೆಯ ಗೋಡೆಗೆ ಒಂದು ಚಾರ್ಟ್ ಹೊಡೆದಿದ್ದರು. ಹಿಮಾಲಯದ ಚಿಟ್ಟೆ, ಅಸ್ಸಾಮಿನ ಕಾಡಿನದು, ರಾಜಸ್ಥಾನದ ಮರಳುಗಾಡಿನದು, ನಮ್ಮ ಘಟ್ಟದ್ದು, ಎಲ್ಲವೂ ಅದರಲ್ಲಿದ್ದವು. ಬಂದವರನ್ನು ಅದರ ಮುಂದೆ ನಿಲ್ಲಿಸಿದರೆ ಕಾಫಿ ಆರಿ ತಣ್ಣಗಾಗುವ ತನಕ ಬಿಡುತ್ತಿರಲಿಲ್ಲ. "ಎಂಥಾ ದೇಶ, ಎಷ್ಟು ಬಗೆ ನೋಡ್ರೀ" ಎನ್ನುವರು, ಅಷ್ಟನ್ನೂ ತಾವೇ ಹೆತ್ತವರ ಹಾಗೆ. ಆ ಮನುಷ್ಯನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬಗೆ ಎಂದರೇನೆಂದು ನಾನೂ ಕಂಡವಳೇ. ನನ್ನ ತವರು ಲಿಂಗದಹಳ್ಳಿ. ಹೆಬ್ಬೆ ಕಡೆಯ ಹಳ್ಳದಲ್ಲಿ, ಬಿಸಿಲು ಬಿದ್ದ ಒದ್ದೆ ಮರಳಿನ ಮೇಲೆ, ನೀಲಿ, ಹಳದಿ, ಕಪ್ಪು ಚಿಟ್ಟೆಗಳು ಕಾಲಿಡಲು ಜಾಗವಿಲ್ಲದಂತೆ ಕೂತಿರುತ್ತಿದ್ದವು. ಬಯಲಿನ ಕಡೆ ಬಂದು ತರೀಕೆರೆಯಲ್ಲಿ ಬಸ್ಸಿಳಿದರೆ ಅದರಲ್ಲಿ ಅರ್ಧ ಬಗೆ ಮಾಯ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮದುವೆಯಾಗಿ ಅಜ್ಜಂಪುರಕ್ಕೆ ಬಂದೆ. ಅಲ್ಲಿ ಉಳಿದದ್ದು ಎರಡೇ: ಎಕ್ಕದ ಗಿಡದ ಹತ್ತಿರ ಒಂದು ಕೆಂಪು ಬಗೆ, ಹಿತ್ತಲ ಪತ್ರೆ ಮರದಲ್ಲಿ ಹಳದಿ ಚುಕ್ಕೆಯ ಒಂದು ಕಪ್ಪು ಬಗೆ. ಪಾತ್ರೆ ಉಜ್ಜುತ್ತಾ ಆ ಕಪ್ಪು ಚಿಟ್ಟೆಯನ್ನು ನೋಡಿದರೆ ತವರಿಗೆ ಹೋಗಿ ಬಂದಷ್ಟು ಹಗುರಾಗುತ್ತಿತ್ತು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಒಂದು ಶ್ರಾವಣದಲ್ಲಿ ಮಠದ ಸ್ವಾಮಿಗಳ ಪಾದಪೂಜೆ ನಮ್ಮ ಮನೆಯಲ್ಲಿ ಎಂದಾಯಿತು. ಶಿವನಿಗೆ ಏರಿಸುವ ಬಿಲ್ವಪತ್ರೆ ಇಡಿಯಾಗಿರಬೇಕು, ಹರಿದದ್ದು ಸಲ್ಲದು ಎಂಬುದು ನಮ್ಮವರ ನೇಮ. ನಮ್ಮ ಮರದ ತುಂಬ ಹುಳು, ಎಲೆ ತುಂಬ ತೂತು. ಭಾವ ಗೊಬ್ಬರದಂಗಡಿಯಿಂದ ಹುಳು ಸಾಯಿಸುವ ಬಿಳಿ ಪುಡಿ ತಂದು ಏಣಿ ಹತ್ತಿದರು.

"ಆ ಹುಳನೇ ಕಣ್ರೀ ಭಾವ ಚಿಟ್ಟೆ ಆಗೋದು" ಎಂದೆ.

"ಗೊತ್ತು ಕಣಮ್ಮ, ನಂಗೇ ಹೇಳ್ಕೊಡ್ತೀಯಾ? ಇದು ಸಾಮಾನ್ಯ ಜಾತಿ, ದೇಶದ ತುಂಬಾ ಐತೆ. ಇಲ್ಲಿ ನಾಕು ಸತ್ರೆ ಏನು ಗಂಟು ಹೋಯ್ತದೆ?"

ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸುತ್ತಿದ್ದೆನೋ ಏನೋ. ಮರ ಮೈತುಂಬ ವಿಭೂತಿ ಬಳಿದುಕೊಂಡ ಹಾಗೆ ಕಂಡಿತು. ಹಸಿರು ಹುಳುಗಳು ಒಗೆಯುವ ಕಲ್ಲಿನ ಮೇಲೆಲ್ಲ ಬಿದ್ದು ಹೊರಳುತ್ತಿದ್ದವು. ಗುಡಿಸುವ ಕೆಲಸ ನನ್ನ ಪಾಲಿಗೇ ಬಂತು. ಆಮೇಲೆ ಬಂದ ಚಿಗುರಿಗೂ ಪುಡಿ ಬಿತ್ತು.

ಪೂಜೆಯ ದಿನ ತಟ್ಟೆ ತುಂಬ ಇಡಿ ಪತ್ರೆ. ಅತ್ತೆ ಎಷ್ಟು ತೊಳೆದರೂ ಪುಡಿಯ ನಾತ ಹೋಗಲಿಲ್ಲ. ಸ್ವಾಮಿಗಳು ಒಂದೆಲೆ ಎತ್ತಿ ಮೂಸಿ, ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಇದೇನ್ರಪ್ಪಾ, ಔಷಧಿ ನಾತ ಹೊಡೀತೈತೆ. ಬೇರೆ ಪತ್ರೆ ಇಲ್ವಾ?"

ಭಾವ ಚಾರ್ಟಿನ ಕಡೆ ಮುಖ ತಿರುಗಿಸಿದರು. ಅತ್ತೆ ನನ್ನನ್ನು ಪಕ್ಕದ ಮನೆಗೆ ಓಡಿಸಿದರು. ಅವರ ಮರದಲ್ಲಿ ಒಳ್ಳೆಯ ಎಲೆಯೂ ಇತ್ತು. ನಾನು ಹುಳು ತಿಂದದ್ದನ್ನೇ ಆರಿಸಿ ತಂದು ಭಾವನ ಕೈಗಿಟ್ಟೆ. ಅಷ್ಟು ಜನರೆದುರು ಆ ತೂತು ಪತ್ರೆಯನ್ನು ಅವರೇ ಒಂದೊಂದಾಗಿ ಎತ್ತಿ ಸ್ವಾಮಿಗಳಿಗೆ ಕೊಟ್ಟರು. ನನಗೆ ಹೊಟ್ಟೆ ತಂಪಾಯಿತು. ಚಿಟ್ಟೆ ಮಾತ್ರ ನಮ್ಮ ಹಿತ್ತಲಿಗೆ ತಿರುಗಿ ಬರಲಿಲ್ಲ.

ದೀಪಾವಳಿಗೆ ಯಾರೋ ನೆಂಟರು ಬಂದರು. ಭಾವ ಅವರನ್ನೂ ಚಾರ್ಟಿನ ಮುಂದೆ ನಿಲ್ಲಿಸಿಕೊಂಡು ಹಳದಿ ಚುಕ್ಕೆಯ ಕಪ್ಪು ಚಿಟ್ಟೆಯ ಮೇಲೆ ಬೆರಳಿಟ್ಟರು.

"ಇದು ನಮ್ಮ ಹಿತ್ತಲಲ್ಲೇ ಐತೆ ಕಣ್ರೀ."

"ಇತ್ತು, ನೀವು ಸಾಯಿಸೋ ತಂಕ" ಎಂದು ನಾನು ಕಾಫಿ ಲೋಟ ಇಟ್ಟು ಒಳಗೆ ಹೋದೆ.