ಎಡಗಡೆ ಸೀಟಿನ ಮೇಷ್ಟ್ರು

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಇಪ್ಪತ್ತೆರಡು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿ ಅರ್ಧ ಊರಿಗೆ ಸ್ಟೇರಿಂಗ್ ಹಿಡಿಸಿದವರು. ಇನ್ನರ್ಧ ಊರು ಅವರ ಶಿಷ್ಯರನ್ನು ಕಂಡರೆ ರಸ್ತೆ ಬಿಟ್ಟು ಚರಂಡಿಗೆ ಇಳಿಯುತ್ತಿತ್ತು, ಆ ಮಾತು ಬೇರೆ. ಎಡಗಡೆ ಸೀಟಿನಲ್ಲಿ ಕಾಲು ಚಾಚಿ ಕೂತು, ಕಿಟಕಿಯಾಚೆ ನೋಡುತ್ತಲೇ ಅವರು ಪಾಠ ಹೇಳುತ್ತಿದ್ದರು. ಶಿಷ್ಯ ತಪ್ಪಿದರೆ ಬೈಗುಳವಿಲ್ಲ, ‘ಹೂಂ, ಇನ್ನೊಂದ್ಸಲ’ ಅಷ್ಟೇ. ಆದರೆ ಆ ‘ಹೂಂ’ನಲ್ಲಿ ಎಂಥ ತಿರಸ್ಕಾರ ಇರುತ್ತಿತ್ತೆಂದರೆ ಬ್ಯಾಂಕ್ ಮ್ಯಾನೇಜರೊಬ್ಬರು ಕಣ್ಣಲ್ಲಿ ನೀರು ಹಾಕಿಕೊಂಡು ಕಾರಿನಿಂದಿಳಿದು ಬಸ್ಸು ಹತ್ತಿದ್ದರು.

ಇಂಥ ಮೇಷ್ಟ್ರು ಪರದೇಶಕ್ಕೆ ಹೊರಟದ್ದು ಹೆಂಡತಿಯ ಕೆಲಸದಿಂದಾಗಿ. ಹಾಗಂತ ಅವರು ಯಾರ ಮುಂದೆಯೂ ಹೇಳಲಿಲ್ಲ. ‘ನಮಗೆ ಅಲ್ಲೊಂದು ಕೆಲಸ ಬಂದಿದೆ’ ಅಂದರು. ಆ ‘ನಮಗೆ’ ಎಂಬುದರಲ್ಲಿ ಅವರ ಪಾಲು ಎರಡು ಸೂಟ್‌ಕೇಸ್ ಹೊತ್ತದ್ದು ಮಾತ್ರ. ಹೆಂಡತಿ ಹಲ್ಲು ಕಟ್ಟುವವಳು. ದಂತವೈದ್ಯರು ಕಳಿಸಿದ ಅಚ್ಚು ನೋಡಿ ಮೇಣದಲ್ಲಿ ಹಲ್ಲು ಕೆತ್ತಿ, ಕುಲುಮೆಯಲ್ಲಿ ಸುಟ್ಟು, ಪಕ್ಕದ ಹಲ್ಲಿನ ಹಳದಿಗೆ ಸರಿಯಾಗಿ ಬಣ್ಣ ಕೊಡುವ ಕೆಲಸ. ಹೊರದೇಶದ ಲ್ಯಾಬಿನವರು ಅವಳ ಕೈಕೆಲಸದ ಫೋಟೋ ನೋಡಿಯೇ ಕರೆಸಿಕೊಂಡಿದ್ದರು. ಇಬ್ಬರ ಕಾಗದಪತ್ರವೂ ಒಟ್ಟಿಗೆ ಬಂತು. ಮೇಷ್ಟ್ರ ಹೆಸರಿನ ಮುಂದೆ ಉದ್ಯೋಗದ ಜಾಗದಲ್ಲಿ ‘ಪತ್ನಿಯ ಅವಲಂಬಿತ’ ಎಂದಿತ್ತು. ಅವರು ಅದನ್ನು ಮೂರು ಸಲ ಓದಿ, ಮಡಚಿ, ಸೂಟ್‌ಕೇಸಿನ ತಳದಲ್ಲಿ ಬನಿಯನ್ನುಗಳ ಕೆಳಗೆ ಇಟ್ಟರು.

ಹೊಸ ಮನೆ ಮೂರನೇ ಮಹಡಿಯಲ್ಲಿ. ಎರಡು ಕೋಣೆ, ಬಾಗಿಲು ತೆಗೆದರೆ ಫ್ರಿಡ್ಜಿಗೆ ಬಡಿಯುವ ಅಡುಗೆಮನೆ, ಮತ್ತು ಒಂದು ದೊಡ್ಡ ಕಿಟಕಿ. ಕಿಟಕಿಯ ಕೆಳಗೆ ನಾಲ್ಕು ರಸ್ತೆ ಸೇರುವ ವೃತ್ತ. ಹೆಂಡತಿ ಬೆಳಿಗ್ಗೆ ಬಸ್ಸು ಹತ್ತಿ ಹೋದ ಮೇಲೆ ಮೇಷ್ಟ್ರು ಆ ಕಿಟಕಿಯಲ್ಲಿ ನಿಂತು, ಹೋಗಿಬರುವ ಕಾರುಗಳಿಗೆಲ್ಲ ಮಾರ್ಕು ಹಾಕುತ್ತಿದ್ದರು. ಹತ್ತಕ್ಕೆ ನಾಲ್ಕು ದಾಟಿದವರು ವಿರಳ. ಸಂಜೆ ದಣಿದು ಬಂದ ಹೆಂಡತಿಗೆ ಮೊದಲು ಸಿಗುತ್ತಿದ್ದದ್ದು ಕಾಫಿಯಲ್ಲ, ವರದಿ.

“ಒಬ್ರೂ ಹಾರನ್ ಹೊಡಿಯಲ್ಲ ಕಣೇ. ಊರಾ ಇದು, ಸ್ಮಶಾನಾನಾ?”

“ಅನ್ನಕ್ಕಿಟ್ರಾ?” ಎಂದು ಅವಳು ಕೇಳುತ್ತಿದ್ದಳು. ಇಟ್ಟಿರುತ್ತಿರಲಿಲ್ಲ.

ಹೀಗೆ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಲ್ಯಾಬಿನ ಯಜಮಾನಿ ಎಲ್ಲರನ್ನೂ ಕರೆದು ಒಂದು ಸುದ್ದಿ ಹೇಳಿದಳು. ಇನ್ನು ಮೂರು ತಿಂಗಳಿಗೆ ಲ್ಯಾಬು ಊರಾಚೆಯ ಕೈಗಾರಿಕಾ ಪ್ರದೇಶಕ್ಕೆ ಹೋಗುತ್ತದೆ. ಕೆಲಸ ಶುರು ಬೆಳಿಗ್ಗೆ ಏಳಕ್ಕೆ. ಅಲ್ಲಿಗೆ ಮೊದಲ ಬಸ್ಸು ಎಂಟೂವರೆಗೆ. ಕಾರಿಲ್ಲದವರು ಈಗಲೇ ಹೇಳಿಬಿಟ್ಟರೆ ಬೇರೆಯವರನ್ನು ಹುಡುಕಲು ತನಗೂ ಸುಲಭ ಎಂದು ನಗುನಗುತ್ತಲೇ ಹೇಳಿದಳು. ಕೆಲಸ ಹೋದರೆ ಆ ದೇಶದಲ್ಲಿ ಇರುವ ಪರವಾನಗಿಯೂ ಹೋಯಿತು. ಎರಡು ಸೂಟ್‌ಕೇಸೂ ಮತ್ತೆ ಕೆಳಗಿಳಿಯಬೇಕು.

ಮೇಷ್ಟ್ರು ಇದನ್ನು ಕೇಳಿದವರೇ ಎದೆಯುಬ್ಬಿಸಿದರು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವರ ಮುಖದಲ್ಲಿ ಕಳೆ ಬಂತು.

“ಮನೇಲಿ ನಾನಿರೋವಾಗ ನಿನಗ್ಯಾಕೆ ಚಿಂತೆ? ನಮ್ಮೂರಿನ ಲೈಸೆನ್ಸ್ ಇಲ್ಲಿ ನಡೆಯಲ್ಲ ಅಂದ್ರೆ ಬೇಡ, ಟೆಸ್ಟ್ ಕೊಟ್ರಾಯ್ತು. ಮತ್ತೆ ಇಲ್ಲಿ ಸ್ಟೇರಿಂಗ್ ಇರೋದು ಎಡಗಡೆ. ಇಪ್ಪತ್ತೆರಡು ವರ್ಷ ನಾನು ಕೂತಿದ್ದೇ ಎಡಗಡೆ! ನನಗೋಸ್ಕರಾನೇ ಮಾಡಿಟ್ಟಂಗಿದೆ.”

ಅವಳು ಸಹೋದ್ಯೋಗಿಯೊಬ್ಬಳ ಹಳೆಯ ಬೂದು ಕಾರು ಕೊಂಡಳು. ಮೇಷ್ಟ್ರು ಅದನ್ನು ದಿನಾ ಬೆಳಿಗ್ಗೆ ತೊಳೆದು, ಒರೆಸಿ, ಒಳಗೆ ಕೂತು, ಊರಿನಲ್ಲಿದ್ದ ಭಾಮೈದನಿಗೆ ವೀಡಿಯೋ ಕರೆ ಮಾಡುತ್ತಿದ್ದರು. ಈಗ ಸ್ಕೂಲು ನೋಡಿಕೊಳ್ಳುತ್ತಿದ್ದವನು ಅವನೇ. ಕಾರು ನಿಂತಲ್ಲೇ ನಿಂತಿರುತ್ತಿತ್ತು. ಫೋನಿನಲ್ಲಿ ಅದು ಗೊತ್ತಾಗುವುದಿಲ್ಲವಲ್ಲ.

ಮೊದಲ ಟೆಸ್ಟಿನ ದಿನ, ಟೆಸ್ಟಿನವರದೇ ಕಾರಿನಲ್ಲಿ, ಪರೀಕ್ಷಕ ಪಕ್ಕದಲ್ಲಿ ಕೂತ. ಎತ್ತರದ, ತೆಳ್ಳನೆಯ, ಮಾತಾಡಿದರೆ ಹಲ್ಲು ಸವೆದೀತೆಂದು ಹೆದರಿದಂತಿದ್ದ ಮನುಷ್ಯ. ಮೇಷ್ಟ್ರು ಮೊದಲ ತಿರುವಿನಲ್ಲೇ ಹಾರನ್ ಹೊಡೆದರು. ಎರಡನೆಯದರಲ್ಲೂ ಹೊಡೆದರು. ಫುಟ್‌ಪಾತಿನ ಮೇಲೆ ತನ್ನ ಪಾಡಿಗೆ ತಾನು ಹೋಗುತ್ತಿದ್ದ ಮುದುಕಿಗೆ ಮರ್ಯಾದೆಗೆಂದು ಒಂದು ಹೊಡೆದರು. ಮುದುಕಿ ಗೋಡೆ ಹಿಡಿದುಕೊಂಡಳು. ಇಪ್ಪತ್ತು ನಿಮಿಷದಲ್ಲಿ ಹನ್ನೊಂದು ಹಾರನ್ ಎಂದು ಪರೀಕ್ಷಕ ಎಣಿಸಿ ಬರೆದು, ಫೇಲು ಮಾಡಿ ಕೈಕುಲುಕಿದ.

“ಅವನಿಗೆ ಡ್ರೈವಿಂಗೇ ಗೊತ್ತಿಲ್ಲ. ಹಾರನ್ ಹೊಡೀದೆ ತಿರುಗಿಸೋದು ಅಂದ್ರೆ ಕೆಮ್ಮದೆ ಬಚ್ಚಲಮನೆಗೆ ನುಗ್ಗಿದ ಹಾಗೆ” ಎಂದರು ಮೇಷ್ಟ್ರು ಮನೆಗೆ ಬಂದು.

ಹೆಂಡತಿ ಕ್ಯಾಲೆಂಡರಿನ ಕಡೆ ನೋಡಿದಳು. ಇನ್ನೊಂದು ಸಲ ತಪ್ಪಿದರೆ ಕಲಿಯುವವರ ಚೀಟಿ ಕಾರಿಗೆ ಅಂಟಿಸಿಕೊಂಡು, ಲೈಸೆನ್ಸ್ ಇರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಲವತ್ತು ಗಂಟೆ ಓಡಿಸಿದ ಮೇಲೆಯೇ ಮತ್ತೆ ಟೆಸ್ಟು. ಅದು ಅಲ್ಲಿಯ ನಿಯಮ.

ಎರಡನೇ ಟೆಸ್ಟಿಗೆ ಮೇಷ್ಟ್ರು ಹಾರನ್ನಿನ ಮೇಲೆ ಕೈಯಿಡಲಿಲ್ಲ. ಹತ್ತು ನಿಮಿಷ ಎಲ್ಲವೂ ಸಲೀಸಾಗಿ ಹೋಯಿತು. ಆಮೇಲೆ ರಸ್ತೆ ದಾಟುವ ಬಿಳಿ ಪಟ್ಟಿ ಬಂತು. ಒಬ್ಬಳು ತರಕಾರಿ ಗಾಡಿ ಎಳೆದುಕೊಂಡು ಇಳಿದಳು. ಮೇಷ್ಟ್ರು ಅವಳನ್ನು ದೂರದಿಂದಲೇ ನೋಡಿದರು. ಅವರ ಕಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ. ತೋರುಬೆರಳು ಎತ್ತಿ, ಶುದ್ಧ ಕನ್ನಡದಲ್ಲಿ, ಇಪ್ಪತ್ತೆರಡು ವರ್ಷದ ಅಧಿಕಾರವನ್ನೆಲ್ಲ ಗಂಟಲಿಗೆ ತಂದುಕೊಂಡು ಕೂಗಿದರು: “ಬ್ರೇಕ್! ಬ್ರೇಕ್ ಒತ್ತೋ!”

ಕೂಗಿ, ಶಿಷ್ಯ ಒತ್ತಲಿ ಎಂದು ಕಾದರು.

ಒತ್ತಿದವನು ಪರೀಕ್ಷಕ. ಅವನ ಕಡೆಯೂ ಒಂದು ಬ್ರೇಕಿತ್ತು. ಕಾರು ತರಕಾರಿ ಗಾಡಿಗೆ ಒಂದು ಗೇಣು ಉಳಿಸಿ ನಿಂತಿತು. ಇಷ್ಟು ವರ್ಷ ಆ ಪೆಡಲನ್ನು ಇನ್ನೊಬ್ಬರ ಮೇಲೆ ಒತ್ತಿದ ಮೇಷ್ಟ್ರಿಗೆ, ಅದು ತಮ್ಮ ಮೇಲೆ ಬಿದ್ದಾಗ ಹೇಗಿರುತ್ತದೆಂದು ಅಂದು ಗೊತ್ತಾಯಿತು. ಬ್ಯಾಂಕ್ ಮ್ಯಾನೇಜರ ನೆನಪೂ ಬಂತು.

ಈಗ ನಿಜ ಹೇಳಿಬಿಡೋಣ. ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲಡಿ ಇದ್ದದ್ದು ಎರಡೇ ಪೆಡಲು, ಕ್ಲಚ್ಚು ಮತ್ತು ಬ್ರೇಕು. ಆಕ್ಸಿಲರೇಟರ್ ಇದ್ದದ್ದು ಶಿಷ್ಯರ ಕಡೆ. ಮದುವೆಗೆ ಹೋಗಬೇಕೆ, ಆಸ್ಪತ್ರೆಗೆ ಹೋಗಬೇಕೆ, ಗ್ಯಾಸ್ ಸಿಲಿಂಡರ್ ತರಬೇಕೆ, ‘ಪ್ರಾಕ್ಟೀಸ್ ಆಗ್ಲಿ ಬಾ’ ಎಂದು ಒಬ್ಬ ಶಿಷ್ಯನನ್ನು ಎಳೆದುಕೊಂಡು ಹೋಗುತ್ತಿದ್ದರು. ಒಬ್ಬರೇ ಹೊರಟರೆ ಸ್ಕೂಟರು. ಊರು ಬಿಡುವ ಹೊತ್ತಿಗೆ ಮೇಷ್ಟ್ರು ಸ್ವಂತ ಕೈಯಲ್ಲಿ ಕಾರು ಓಡಿಸಿ ಹದಿನೈದು ವರ್ಷವಾಗಿತ್ತು. ಇದನ್ನು ಯಾರೂ ಗಮನಿಸಿರಲಿಲ್ಲ. ಮೇಷ್ಟ್ರೂ ಗಮನಿಸಿರಲಿಲ್ಲ ಎಂಬುದು ತಮಾಷೆ.

ಅಂದು ಸಂಜೆ ಅವರು ಇಂಗು ತಿಂದ ಮಂಗನಂತೆ ಸೋಫಾದಲ್ಲಿ ಕೂತಿದ್ದರು. ಹೆಂಡತಿ ಪಕ್ಕದಲ್ಲಿ ಬಂದು ಕೂತಳು. ಉಗುರಿನ ಸಂದಿಯಲ್ಲಿ ಇನ್ನೂ ಪ್ಲಾಸ್ಟರಿನ ಬಿಳಿ ಪುಡಿ ಇತ್ತು.

“ರೀ, ಎಂಟು ವಾರ ಇದೆ. ನನಗೆ ಕಲಿಸಿ. ನಾನು ಟೆಸ್ಟ್ ಕೊಡ್ತೀನಿ.”

“ನಿನ್ನ ಕೈಲಾಗಲ್ಲ ಬಿಡು.”

“ಮದುವೆಯಾದ ವರ್ಷಾನೂ ಇದನ್ನೇ ಅಂದ್ರಿ. ಡಾಕ್ಟರ ಹೆಂಡತಿಗೆ ಕಲಿಸಿದ್ರಿ, ಅರವತ್ತೊಂದು ವರ್ಷದ ಟೀಚರಮ್ಮನಿಗೆ ಕಲಿಸಿದ್ರಿ. ನನಗೊಬ್ಬಳಿಗೆ ಏನಾಗಿತ್ತು?”

“ಮನೆಯವರಿಗೆ ಕಲಿಸಬಾರದು ಕಣೇ, ಜಗಳ ಆಗುತ್ತೆ” ಎಂದರು ಮೇಷ್ಟ್ರು. ನಿಜಕ್ಕೂ ಅವರ ಮನಸ್ಸಿನಲ್ಲಿದ್ದದ್ದು ಬೇರೆ. ಇವಳೂ ಕಲಿತುಬಿಟ್ಟರೆ ತಾನಿಲ್ಲಿ ಯಾತಕ್ಕೆ ಬಂದದ್ದು? ಆ ಪ್ರಶ್ನೆಗೆ ಅವರು ನಿಜವಾಗಿಯೂ ಹೆದರಿದ್ದರು. ಬನಿಯನ್ನುಗಳ ಕೆಳಗಿದ್ದ ಆ ಪದ ಮನೆಯ ತುಂಬ ಓಡಾಡತೊಡಗಿತ್ತು.

ಅವಳು ಜಗಳವಾಡಲಿಲ್ಲ. ಮರುದಿನವೇ ಬೀದಿಯ ಕೊನೆಯ ಡ್ರೈವಿಂಗ್ ಸ್ಕೂಲಿಗೆ ಹೋಗಿ ಹೆಸರು ಬರೆಸಿದಳು. ಕಲಿಸುವವಳು ಚೂಯಿಂಗ್ ಗಮ್ ಜಗಿಯುವ ದಪ್ಪನೆಯ ಹೆಂಗಸು. ಹೆಂಡತಿ ಕೆಲಸ ಮುಗಿಸಿ ಬಂದು ಚೀಲ ಮೇಲಿಟ್ಟು ಮತ್ತೆ ಕೆಳಗಿಳಿದು ಪಾಠಕ್ಕೆ ಹೋಗುವಳು. ಮೇಷ್ಟ್ರು ಕಿಟಕಿಯಲ್ಲಿ ನಿಂತು, ವೃತ್ತ ಸುತ್ತುವ ಆ ಕಾರಿಗೂ ಮಾರ್ಕು ಹಾಕಿದರು. ಮೊದಲ ವಾರ ಎರಡು. ಮೂರನೇ ವಾರ ಐದು. ಆರನೇ ವಾರ ಎಂಟು ಕೊಡಬೇಕಾಗಿ ಬಂದಾಗ ಪರದೆ ಎಳೆದು ಅನ್ನಕ್ಕಿಟ್ಟರು.

ಕೂದಲೆಳೆಯಷ್ಟು ವ್ಯತ್ಯಾಸವಾದರೂ ಹಲ್ಲು ಕೂರುವುದಿಲ್ಲ ಎಂಬಂಥ ಕೆಲಸ ಮಾಡುವ ಕೈ ಅದು. ಅದೇ ತೆಳ್ಳನೆಯ ಪರೀಕ್ಷಕ ಅವಳನ್ನು ಮೊದಲ ಸಲಕ್ಕೇ ಪಾಸು ಮಾಡಿದ. ಲ್ಯಾಬು ಹೊಸ ಜಾಗಕ್ಕೆ ಹೋಗುವುದಕ್ಕೆ ಒಂಬತ್ತು ದಿನ ಮೊದಲು ಲೈಸೆನ್ಸ್ ಕೈಗೆ ಬಂತು. ಯಜಮಾನಿ ಬೇರೆ ಯಾರನ್ನೂ ಹುಡುಕಬೇಕಾಗಲಿಲ್ಲ.

ಆ ಭಾನುವಾರ ಭಾಮೈದನ ಕರೆ ಬಂತು. ಹೆಂಡತಿ ಅಡುಗೆಮನೆಯಲ್ಲಿದ್ದಳು.

“ಭಾವ, ಅಕ್ಕ ಲೈಸೆನ್ಸ್ ತಗೊಂಡ್ಲಂತೆ! ಒಂದೇ ಸಲಕ್ಕೆ?”

“ಮತ್ತೆ? ಕಲಿಸಿದೋರು ಯಾರು?” ಎಂದರು ಮೇಷ್ಟ್ರು ದನಿ ತಗ್ಗಿಸಿ. “ಸ್ವಲ್ಪ ಮಂದ ನಿಮ್ಮಕ್ಕ. ಆದ್ರೂ ಕೂತು ತಿದ್ದಿದೆ.”

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು, ಫೋನಿನಲ್ಲಿದ್ದ ತಮ್ಮನಿಗೆ ಮುಖ ತೋರಿಸಿ ನಕ್ಕಳು.

“ಹೌದು ಕಣೋ, ನಿಮ್ಮ ಭಾವನೇ ಕಲಿಸಿದ್ದು. ಆಮೇಲೆ ಮಾಡ್ತೀವಿ ಇರು, ಈಗ ಪಾಠಕ್ಕೆ ಹೊತ್ತಾಯ್ತು.”

ಫೋನಿಟ್ಟ ಮೇಲೆ ಬೈದುಬಿಟ್ಟಿದ್ದರೆ ಮೇಷ್ಟ್ರಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವಳು ಬೈಯಲಿಲ್ಲ. ಚೀಲದಿಂದ ಕಲಿಯುವವರ ಚೀಟಿ ತೆಗೆದು ಅವರ ಕೈಗಿಟ್ಟಳು. “ನಡೀರಿ. ನಲವತ್ತು ಗಂಟೆ ಆಗ್ಬೇಕಲ್ಲ. ಲೈಸೆನ್ಸ್ ಇರೋರು ಪಕ್ಕದಲ್ಲಿ ಇರ್ಬೇಕಂತೆ. ನನ್ನ ಹತ್ರ ಇದೆ.”

ಊರಿಗೆಲ್ಲ ಚೀಟಿ ಅಂಟಿಸಿದ ಮೇಷ್ಟ್ರು ತಮ್ಮ ಕಾರಿನ ಹಿಂದೆ ತಾವೇ ಅಂಟಿಸಿದರು. ಸೊಟ್ಟಗೆ ಅಂಟಿತು. ಹೊಸ ಲ್ಯಾಬಿನ ಮುಂದಿನ ಖಾಲಿ ಪಾರ್ಕಿಂಗ್ ಜಾಗದವರೆಗೆ ಅವಳೇ ಓಡಿಸಿದಳು. ದಾರಿಯುದ್ದಕ್ಕೂ ಬಲಗಡೆ ಕೂತ ಮೇಷ್ಟ್ರ ಕಾಲು ಬರಿ ನೆಲವನ್ನು ಒತ್ತುತ್ತಲೇ ಇತ್ತು. ಅಲ್ಲಿ ಸೀಟು ಬದಲಾಯಿಸಿದರು. ಮೇಷ್ಟ್ರು ಪಕ್ಕಕ್ಕೆ ಬಗ್ಗಿ ಅವಳ ಪಾದದ ಹತ್ತಿರ ನೋಡಿದರು.

“ನಿನ್ನ ಕಡೆ ಬ್ರೇಕ್ ಇಲ್ವಲ್ಲೇ.”

“ಇಲ್ಲ.”

“ಏನಾದ್ರೂ ಆದ್ರೆ?”

“ನಿಮ್ಮ ಕಾಲಡೀಲಿ ಇದೆಯಲ್ಲ.”

ಬಗ್ಗಿ ನೋಡಿದರು. ಮೂರು ಪೆಡಲಿದ್ದವು. ಕಾರು ಎರಡು ಸಲ ಕೆಮ್ಮಿ ನಿಂತು, ಮೂರನೇ ಸಲಕ್ಕೆ ಮುಂದೆ ಹೋಯಿತು. ಜಾಗದ ತುದಿಯಲ್ಲಿ ಗಿಡಗಳ ಸಾಲು ಹತ್ತಿರ ಬರತೊಡಗಿತು. ಮೇಷ್ಟ್ರ ತೋರುಬೆರಳು ತಾನಾಗಿಯೇ ಎದ್ದಿತು. “ಬ್ರೇಕ್! ಬ್ರೇಕ್!” ಎಂದು ಕೂಗಿದರು. ಪಕ್ಕಕ್ಕೆ ನೋಡಿದರು. ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು. ಆಗ ಅವರ ಕಾಲು ಒತ್ತಿತು. ಬಂಪರು ಗಿಡದ ಎಲೆ ಮುಟ್ಟಿ ಕಾರು ನಿಂತಿತು.

ಅವಳು ತಿರುಗದೆಯೇ ಹೇಳಿದಳು.

“ಹೂಂ, ಇನ್ನೊಂದ್ಸಲ.”