ಬೆಣ್ಣೆ ಹೋಗಿ ಬೆಣೆ ಉಳಿದಾಗ

ಗೆಳೆಯರೇ, ಇವತ್ತು ಬೆಳಿಗ್ಗೆ ದಾಸರಹಳ್ಳಿಯಲ್ಲಿ ಅಂಗಡಿ ಬೋರ್ಡು ಮಾಡುವ ಬಸವರಾಜಣ್ಣ ಫೋನಿನಲ್ಲೇ ನನ್ನನ್ನು ಝಾಡಿಸಿದರು.

"ಏನ್ರೀ ಅಕ್ಕಾರ, ನಿಮ್ಮ ಅಪ್‌ಡೇಟ್ ಹಾಕಿದ ಮ್ಯಾಲೆ ಒತ್ತಕ್ಷರಾನೇ ಬರವಲ್ದು! 'ಬೆಣ್ಣೆ ದೋಸೆ' ಅಂತ ಹೊಡದ್ರ 'ಬೆಣೆ ದೋಸೆ' ಅಂತ ಬಂದೈತಿ. ದೋಸಿ ಜೋಡಿ ಸುತ್ತಿಗಿನೂ ಕೊಡ್ಬೇಕೇನು ಅಂತ ಹೋಟೆಲ್‌ನವ್ರು ಕೇಳಾಕತ್ತಾರ!"

ಎಲ್ಲ ಬಗೆಯ ಕಂಪ್ಯೂಟರಿನಲ್ಲೂ ಚಿತ್ರ, ಅಕ್ಷರ ಬಿಡಿಸುವ ಉಚಿತ ತಂತ್ರಾಂಶ ಲೈಬ್ರರಿಯೊಂದನ್ನು ಪ್ಯಾಕೇಜ್ ಮಾಡಿ ಹಂಚುವುದು ನನ್ನ ಬಿಡುವಿನ ಕೆಲಸ; ಬಸವರಾಜಣ್ಣನ ಬೋರ್ಡಿನ ಅಕ್ಷರಗಳು ಮೂಡುವುದೂ ಅದರಿಂದಲೇ. ಅದರ ಹೊಸ ಆವೃತ್ತಿ ಅಕ್ಷರಗಳ ಕೆಳಭಾಗವನ್ನೇ ಕತ್ತರಿಸುತ್ತಿತ್ತು. ಅದನ್ನು ಬರೆದ ವಿದೇಶಿ ಮಿತ್ರನಿಗೆ ತಿಳಿಸಿದರೆ, "ಕೆಳಗಿರುವುದು ಬರೀ ಅಲಂಕಾರವಲ್ಲವೇ?" ಎಂದು ಕೇಳಿದ. ಮೈಯೆಲ್ಲ ಉರಿಯಿತು.

"ಅದಿದ್ದರೆ ಬೆಣ್ಣೆ, ಇಲ್ಲದಿದ್ದರೆ ಮರ ಸೀಳುವ ಬೆಣೆ. ನೀನು ಯಾವುದನ್ನು ತಿನ್ನುತ್ತೀಯ?" ಎಂದು ಬರೆದೆ.

ಸಂಜೆಗೆ ತಿದ್ದುಪಡಿ ಬಂತು. ಜೊತೆಗೆ ಅವನೇ ಒಂದು ಪರೀಕ್ಷೆಯನ್ನೂ ಸೇರಿಸಿದ್ದ: ಇನ್ನು ಮುಂದೆ ಪ್ರತಿ ಆವೃತ್ತಿಯೂ 'ಬೆಣ್ಣೆ ದೋಸೆ' ಎಂದು ಸರಿಯಾಗಿ ಬರೆದು ತೋರಿಸಿದ ಮೇಲೆಯೇ ಲೋಕಕ್ಕೆ ಹೊರಡಬೇಕು. ಬಸವರಾಜಣ್ಣ ಹೊಸ ಬೋರ್ಡಿನ ಫೋಟೋ ಕಳಿಸಿದ್ದಾರೆ.

ಕನ್ನಡಕ್ಕೆ ಒತ್ತು ಕೊಡಬೇಕು ಎಂದು ವೇದಿಕೆ ಹತ್ತಿದವರೆಲ್ಲ ಹೇಳುತ್ತಾರೆ. ನಾನು ಇವತ್ತು ಒಂದು ಒತ್ತನ್ನು ಕೊಟ್ಟೇಬಿಟ್ಟೆ.