ಅಪ್ಪ ತಂದ ಫೋರ್ ಸ್ಟ್ರೋಕ್

ಆಗ ಐರೋಲಿಯಲ್ಲಿ ಕಟ್ಟಡಗಳಿಗಿಂತ ಕೆಸರೇ ಹೆಚ್ಚಿತ್ತು. ಠಾಣೆಯ ಖಾಡಿಯ ಮೇಲೆ ಹೊಸ ಸೇತುವೆ ಬಂದು ಕೆಲವೇ ವರ್ಷಗಳಾಗಿದ್ದವು. ಸೇತುವೆಯ ಕೆಳಗಿನ ಆ ಹಿನ್ನೀರೇ ನಮ್ಮ ಅನ್ನ. ಇಳಿತದ ಹೊತ್ತಿಗೆ ಅದರ ವಾಸನೆ ಹೇಗಿರುತ್ತಿತ್ತೆಂದು ಅಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ, ಬೆಳೆಯದವರಿಗೆ ಹೇಳಿ ಪ್ರಯೋಜನವಿಲ್ಲ. ಊರಿನಿಂದ ಬಂದ ನೆಂಟರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಆ ವಾಸನೆ ಬಂದರೆ ಹಸಿವಾಗುತ್ತಿತ್ತು.

ಅಪ್ಪ ಮಲ್ಪೆ ಕಡೆಯವನು. ಹೋಟೆಲ್ ಕೆಲಸಕ್ಕೆಂದು ಠಾಣೆಗೆ ಬಂದವನು ಕಾಲು ಒದ್ದೆಯಾಗದೆ ಇರಲಾರದೆ, ಇಲ್ಲಿನ ಕೋಲಿ ಬೆಸ್ತರಾದ ಬಾಳು ಕಾಕಾರ ಜೊತೆ ಸೇರಿ ಒಂದು ಸಣ್ಣ ಫೈಬರ್ ದೋಣಿ ಮಾಡಿಕೊಂಡಿದ್ದ. ಮನೆಯಲ್ಲಿ ತುಳು, ದೋಣಿಯಲ್ಲಿ ಮರಾಠಿ, ಜಗಳ ಬಂದರೆ ಹಿಂದಿ. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಮ್ಮ ಇಳಿತದ ಹೊತ್ತಿಗೆ ಕೋಲಿ ಹೆಂಗಸರ ಜೊತೆ ಮರುವಾಯಿ ಹೆಕ್ಕಲು ಹೋಗುತ್ತಿದ್ದಳು. ಸೊಂಟದ ನೀರಿನಲ್ಲಿ ಬಗ್ಗಿ ನಿಂತು, ಕೆಸರಿನಲ್ಲಿ ಕೈಯಾಡಿಸಿ ಚಿಪ್ಪು ತೆಗೆಯುವ ಕೆಲಸ. ಸೊಂಟಕ್ಕೆ ಹಗ್ಗ, ಹಗ್ಗದ ತುದಿಗೆ ಲಾರಿಯ ಟ್ಯೂಬು, ಟ್ಯೂಬಿನೊಳಗೆ ಅಲ್ಯುಮಿನಿಯಂ ಪಾತ್ರೆ. ಹೋದಲ್ಲೆಲ್ಲ ಅದು ತೇಲುತ್ತ ಹಿಂದೆ ಬರುತ್ತಿತ್ತು. ಒಮ್ಮೆ ಬಗ್ಗಿದರೆ ಹೆಂಗಸರು ತಲೆ ಎತ್ತುತ್ತಿರಲಿಲ್ಲ. ದೋಣಿ ಬಂದರೆ ದೂರದಿಂದಲೇ ಕೇಳುತ್ತಿತ್ತಲ್ಲ. ಸದ್ದು ಹತ್ತಿರವಾದಾಗ ಎರಡು ಹೆಜ್ಜೆ ದಡಕ್ಕೆ ಸರಿದು, ಸೊಸೆಯಂದಿರ ಸುದ್ದಿಯನ್ನು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತಿದ್ದರು. ಆ ಮರುವಾಯಿಯನ್ನು ತೆಂಗಿನಕಾಯಿ ಮಸಾಲೆಯಲ್ಲಿ ಬೇಯಿಸಿ ಅಕ್ಕಿಯ ಪುಂಡಿ ಉಂಡೆ ಹಾಕಿದರೆ, ಅದರ ಮುಂದೆ ಮದುವೆ ಊಟವೂ ಸಪ್ಪೆ.

ನಾವು ಮಕ್ಕಳು ಒಡ್ಡಿನ ಮೇಲೆ ಕುಳಿತು ಒಂದು ಆಟ ಆಡುತ್ತಿದ್ದೆವು. ಕಣ್ಣು ಮುಚ್ಚಿಕೊಂಡು, ಸದ್ದಿನಿಂದಲೇ ಯಾರ ದೋಣಿ ಎಂದು ಹೇಳಬೇಕು. ಸೋತವರು ಬೋರೆಹಣ್ಣು ಕೊಡಬೇಕು. ನಮ್ಮ ದೋಣಿಯ ವಿಷಯದಲ್ಲಿ ನಾನು ಸೋತದ್ದೇ ಇಲ್ಲ. ಅದು ದಮ್ಮು ಹಿಡಿದ ಮುದುಕನ ಹಾಗೆ ಕೆಮ್ಮಿ ಕೆಮ್ಮಿ ಬರುತ್ತಿತ್ತು.

ಆ ಮಳೆಗಾಲದಲ್ಲಿ ಮುದುಕ ಪೂರ್ತಿ ಮಲಗಿಬಿಟ್ಟ. ದೋಣಿಯ ಹಿಂಭಾಗಕ್ಕೆ ಸಿಕ್ಕಿಸುವ ಹೊಸ ಮೋಟರು ಬೇಕೇಬೇಕಾಯಿತು. ಹಳೆಯದರ ಹಾಗೆ ಟೂ ಸ್ಟ್ರೋಕ್ ತರುವುದೋ, ಹೊಸದಾಗಿ ಬಂದಿದ್ದ ಫೋರ್ ಸ್ಟ್ರೋಕ್ ತರುವುದೋ ಎಂಬ ಚರ್ಚೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ವಾರಗಟ್ಟಲೆ ನಡೆಯಿತು.

ಬಾಳು ಕಾಕಾ ಟೂ ಸ್ಟ್ರೋಕಿನ ಪಕ್ಷ. ಅಪ್ಪನಿಗೆ ಹೇಳುತ್ತಿದ್ದರು, "ಒಬ್ಬನೇ ಹೆಗಲ ಮೇಲೆ ಹೊತ್ತು ಮನೆಗೆ ತರಬಹುದು, ಶೇಖರ್ ಭಾವ್. ಕೆಟ್ಟರೆ ನಾನೇ ಬಿಚ್ಚುತ್ತೇನೆ. ಫೋರ್ ಸ್ಟ್ರೋಕ್ ಕೆಟ್ಟರೆ ಮೆಕ್ಯಾನಿಕ್ ಹಿಂದೆ ಕೈಕಟ್ಟಿ ನಿಲ್ಲಬೇಕು."

ಅಪ್ಪನಿಗೆ ಹೊಗೆ ಸಾಕಾಗಿತ್ತು. ಟೂ ಸ್ಟ್ರೋಕಿಗೆ ಇಂಧನವಾದ ಸೀಮೆಎಣ್ಣೆಯಲ್ಲೇ ಆಯಿಲ್ ಬೆರೆಸಬೇಕು, ಆ ಆಯಿಲ್ ಸುಟ್ಟು ನೀಲಿ ಹೊಗೆಯಾಗಿ ಮುಖಕ್ಕೆ ಬರುತ್ತದೆ. "ನಮ್ಮ ಸಿಗಡಿ ಮೂಸಿ ನೋಡಿ ಗಿರಾಕಿಗಳು ಸೀಮೆಎಣ್ಣೆ ಎಷ್ಟು ಅಂತ ಕೇಳ್ತಾರೆ ಮಾರಾಯ," ಎಂದ. "ಫೋರ್ ಸ್ಟ್ರೋಕಿಗೆ ಆಯಿಲ್ ಬೇರೆಯೇ ಜಾಗದಲ್ಲಿ ಉಂಟು. ಹೊಗೆ ಇಲ್ಲ, ಗಲಾಟೆ ಇಲ್ಲ."

"ಗಲಾಟೆ ಬೇಕು ಭಾವ್," ಎಂದರು ಕಾಕಾ. "ನೀರಲ್ಲಿ ಹೆಂಗಸರಿದ್ದಾರೆ."

"ಅವರಿಗೆ ಕಣ್ಣಿಲ್ವಾ?"

ತೀರ್ಪು ಅಮ್ಮನ ಕಡೆಗೆ ಬಂತು. ಅವಳು ಅಪ್ಪನ ಅಂಗಿ ಒಗೆಯುತ್ತಿದ್ದಳು. "ಗಲಾಟೆ ಇಲ್ಲದ್ದೇ ತನ್ನಿ. ಈ ಅಂಗಿಯ ವಾಸನೆಗೆ ನನಗೆ ತಲೆ ಸಿಡೀತದೆ," ಎಂದಳು. ಅಲ್ಲಿಗೆ ಮುಗಿಯಿತು.

ಮೋಟರು ತರಲು ಮುಂಬೈಗೆ ಹೋದಾಗ ಹಠ ಮಾಡಿ ನಾನೂ ಹೋದೆ. ಅಂಗಡಿಯವನು ಮೋಟರನ್ನು ನೀರು ತುಂಬಿದ ಡ್ರಮ್ಮಿಗೆ ಸಿಕ್ಕಿಸಿದ. ಅಪ್ಪ ಬಗ್ಗಿ ನೋಡಿ, "ಚಾಲೂ ಮಾಡಿ ತೋರಿಸಿ," ಎಂದ. "ಚಾಲೂ ಆಗಿಯೇ ಇದೆ ಸೇಠ್," ಎಂದು ಅಂಗಡಿಯವನು ನಕ್ಕ. ಅಪ್ಪನೂ ನಕ್ಕ, ನಾನೂ ನಕ್ಕೆ. ಕಾಕಾ ಮಾತ್ರ ಡ್ರಮ್ಮಿನ ಮೇಲೆ ಕೈಯಿಟ್ಟು ಅದು ಅದುರುತ್ತಿದೆಯೇ ಎಂದು ನೋಡುತ್ತಿದ್ದರು.

ಕೋಲಿಗಳ ಸಮುದ್ರ ಪೂಜೆಯ ಹಬ್ಬವಾದ ನಾರಳಿ ಪೌರ್ಣಿಮೆಯ ದಿನ ಮೋಟರಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ನೀರಿಗೆ ತೆಂಗಿನಕಾಯಿ ಬಿಟ್ಟೆವು. ಕಾಕಾರ ಮನೆಯಿಂದ ಬೆಲ್ಲದ ಕೊಬ್ಬರಿ ಅನ್ನ ಬಂತು. ಕೇರಿಗೆ ಕೇರಿಯೇ ಒಡ್ಡಿನ ಮೇಲೆ ನಿಂತು ಸದ್ದಿಲ್ಲದ ದೋಣಿಯನ್ನು ನೋಡಿತು. ಮೋಟರು ಭಾರವಿದ್ದದ್ದರಿಂದ ಹಿಂಭಾಗ ನೀರಿಗೆ ಕುಸಿದು ಮೂತಿ ಮೇಲೇಳುತ್ತಿತ್ತು. ಅದೂ ನಮಗೆ ಗತ್ತಾಗಿಯೇ ಕಂಡಿತು. ಒಡ್ಡಿನ ಮೇಲಿನ ಆಟದಲ್ಲಿ ನಾನು ಸೋಲತೊಡಗಿದೆ, ಆದರೂ ಜಂಬದಿಂದಲೇ ಬೋರೆಹಣ್ಣು ಕೊಡುತ್ತಿದ್ದೆ. ಮೊದಮೊದಲು ಹೆಂಗಸರು ಆಗಾಗ ತಲೆ ಎತ್ತಿ ನೋಡುತ್ತಿದ್ದರು. ಕೆಲವು ದಿನಗಳಲ್ಲಿ ಅದು ಮರೆತುಹೋಯಿತು. ಇಷ್ಟು ವರ್ಷ ಬಗ್ಗಿ ಅಭ್ಯಾಸವಾದ ಬೆನ್ನು ಹೊಸ ಮೋಟರು ಬಂತೆಂದು ಬದಲಾಗುತ್ತದೆಯೇ?

ದೀಪಾವಳಿ ಹತ್ತಿರ ಬಂದಿತ್ತು. ಸಂಜೆ ನೀರು ಏರಲು ಶುರುವಾಗಿ ಉಳಿದ ಹೆಂಗಸರು ದಡ ಹತ್ತಿದ್ದರು. ಅಮ್ಮ ಇನ್ನೊಂದು ಬೊಗಸೆ ಸಿಗಲಿ ಎಂದು ಒಬ್ಬಳೇ ನಿಂತಿದ್ದಳು, ಖಾಡಿಯ ಕಡೆ ಬೆನ್ನು. ನಾನು ಒಡ್ಡಿನ ಮೇಲಿದ್ದೆ. ನಮ್ಮ ದೋಣಿ ತಿರುವು ದಾಟಿ ಬಂತು. ಬಿಸಿಲು ನೇರ ಅಪ್ಪನ ಕಣ್ಣಿಗೆ ಬೀಳುತ್ತಿತ್ತು. ನನಗೆ ಮೊದಲು ಅನಿಸಿದ್ದು, ಎಷ್ಟು ಚಂದ ಬರುತ್ತಿದೆ ಎಂದು. ಆಮೇಲೆ ದೋಣಿಯ ಎದ್ದ ಮೂತಿ ಕಂಡಿತು. ಆ ಮೂತಿಯ ಎದುರಿಗೇ ಅಮ್ಮನ ಬಗ್ಗಿದ ಬೆನ್ನು ಕಂಡಿತು.

ನಾನು ಕಿರುಚಿದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ನೆನಪಿಲ್ಲ. ದೋಣಿಯಲ್ಲಿ ಬಲೆ ಬಿಡಿಸುತ್ತಿದ್ದ ಕಾಕಾ ತಟ್ಟನೆ ಎದ್ದು ನಿಂತದ್ದು, ಅಪ್ಪ ಮೋಟರಿನ ಹಿಡಿಕೆಯನ್ನು ಪಕ್ಕಕ್ಕೆ ತಿರುಗಿಸಿದ್ದು ನೆನಪಿದೆ. ದೋಣಿ ಅಮ್ಮನಿಗೂ ಅವಳ ಟ್ಯೂಬಿಗೂ ನಡುವೆ ನುಗ್ಗಿತು. ಮೈಗೆ ತಾಗಲಿಲ್ಲ. ಅಬ್ಬ, ಪಾರಾದಳು ಎಂದುಕೊಂಡೆ. ಅಷ್ಟರಲ್ಲಿ ಸೊಂಟದ ಹಗ್ಗ ನೀರಿನೊಳಗೆ ತಿರುಗುವ ಮೋಟರಿನ ಫ್ಯಾನಿಗೆ ಸುತ್ತಿಕೊಂಡಿತು. ಅಮ್ಮ ಹಿಂದಕ್ಕೆ ಎಳೆಯಲ್ಪಟ್ಟು ನೀರಿನೊಳಗೆ ಹೋದಳು. ಪಾತ್ರೆ ಬೋರಲಾಗಿ ಚಿಪ್ಪುಗಳೆಲ್ಲ ಮುಳುಗಿದವು. ನೀರಿನ ಮೇಲೆ ಅಮ್ಮ ಇರಲಿಲ್ಲ.

ಅಪ್ಪ ಮೋಟರಿನ ಮೇಲೆ ಬಿದ್ದು ಅದನ್ನು ಆಫ್ ಮಾಡಿದ. ಆಮೇಲೆ ನೀರಿಗೆ ಹಾರಬೇಕಾದವನು ಅದಕ್ಕೆ ಕಿವಿಗೊಟ್ಟು ನಿಂತುಬಿಟ್ಟ. ಅದು ನಿಂತಿದೆಯೋ ಇನ್ನೂ ತಿರುಗುತ್ತಿದೆಯೋ ಅವನಿಗೆ ತಿಳಿಯಲಿಲ್ಲ. "ಬಂದ್ ಆಯ್ತಾ? ಬಾಳು, ಬಂದ್ ಆಯ್ತಾ?" ಎಂದು ಕೇಳುತ್ತಿದ್ದ. ಆ ದನಿ ನಮ್ಮಪ್ಪನದಲ್ಲ. ಕಾಕಾ ಬಲೆ ಕತ್ತರಿಸುವ ಚೂರಿ ಹಿಡಿದು ಹಾರಿದರು. ಅವರ ಹಿಂದೆಯೇ ಅಪ್ಪ ಹಾರಿದ.

ಹಗ್ಗ ಕೊಯ್ದು ಅಮ್ಮನನ್ನು ಮೇಲೆ ತಂದರು. ಬಾಯಿ ಮೂಗಿನ ತುಂಬ ಕೆಸರು, ಮೊಣಕೈಯಿಂದ ರಕ್ತ. ಒಡ್ಡಿನ ಮೇಲೆ ಮಲಗಿಸಿದಾಗ ಕೆಮ್ಮಿದಳು, ಕಾರಿದಳು, ಕಣ್ಣು ಬಿಟ್ಟಳು. ಕೋಲಿ ಹೆಂಗಸರು ಬೆನ್ನು ಉಜ್ಜಿದರು. ನಾನು ಅವಳ ಕಾಲು ಹಿಡಿದು ಕುಳಿತಿದ್ದೆ, ಯಾರು ಬಿಡಿಸಿದರೂ ಬಿಡಲಿಲ್ಲವಂತೆ. ಹಗ್ಗ ಬಿಗಿದ ಸೊಂಟದ ಸುತ್ತ ಚರ್ಮ ಸುಲಿದು ಕೆಂಪಗಾಗಿತ್ತು.

ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆವು. ಅಮ್ಮ ಅಪ್ಪನ ಮುಖವನ್ನೇ ನೋಡುತ್ತ, "ನೀವು ಬಂದದ್ದು ನನಗೆ ಗೊತ್ತೇ ಆಗ್ಲಿಲ್ಲ," ಎಂದಳು. ಮತ್ತೆ ಅದನ್ನೇ ಹೇಳಿದಳು. ದೋಣಿ ಗುದ್ದಲು ಬಂದದ್ದಕ್ಕಿಂತ, ಗಂಡ ಬರುವುದು ತನಗೆ ತಿಳಿಯದೆ ಹೋಯಿತಲ್ಲ ಎಂಬುದಕ್ಕೇ ಅವಳು ದಂಗಾಗಿದ್ದಳು.

"ನೀನು ಅಲ್ಲಿದ್ದದ್ದು ನನಗೂ ಗೊತ್ತಾಗ್ಲಿಲ್ಲ," ಎಂದ ಅಪ್ಪ.

ಕಾಕಾ 'ನಾನು ಹೇಳಿರಲಿಲ್ಲವೇ' ಎನ್ನಬಹುದಿತ್ತು. ಅಮ್ಮನ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು, "ಚಹಾ ಕುಡಿಯಿರಿ ವಹಿನಿ," ಎಂದಷ್ಟೇ ಹೇಳಿದರು.

ದೀಪಾವಳಿಗೆ ಮೊದಲೇ ಆ ಮೋಟರನ್ನು ಮಾರಿದೆವು. ಯಾರದೋ ಕೈಯಿಂದ ಹಳೆಯ ಟೂ ಸ್ಟ್ರೋಕ್ ಬಂತು. ಮತ್ತೆ ನೀಲಿ ಹೊಗೆ, ಮತ್ತೆ ಸೀಮೆಎಣ್ಣೆಯ ಸಿಗಡಿ, ಮತ್ತೆ ಖಾಡಿಯ ತುದಿಯಿಂದಲೇ ಕೇಳುವ ಗಲಾಟೆ. ಎಲ್ಲ ಮೊದಲಿನಂತಾಯಿತು ಎಂದು ನಾವು ಅಂದುಕೊಂಡೆವು. ಗಾಯ ಮಾಗಿದ ಮೇಲೆ ಅಮ್ಮನೂ ನೀರಿಗಿಳಿದಳು. ಆದರೆ ಎರಡು ಚಿಪ್ಪು ತೆಗೆಯುವಷ್ಟರಲ್ಲಿ ನೆಟ್ಟಗೆ ನಿಂತು ಹಿಂದಿರುಗಿ ನೋಡುವಳು. ಖಾಡಿ ಖಾಲಿಯಿದ್ದರೂ ನೋಡುವಳು. ಉಳಿದವರ ಪಾತ್ರೆ ತುಂಬಿದಾಗ ಅವಳದು ಅರ್ಧವೂ ಆಗಿರುತ್ತಿರಲಿಲ್ಲ. ಹೆಂಗಸರು ಸೊಸೆಯಂದಿರ ಸುದ್ದಿ ಹೇಳುವಾಗ ಅವಳು ಹೂಂಗುಟ್ಟುವುದನ್ನೂ ಮರೆಯುತ್ತಿದ್ದಳು. ಆಮೇಲಾಮೇಲೆ ಹೋಗುವುದನ್ನೇ ಬಿಟ್ಟಳು.

ಈಗ ನಾವು ಕಲ್ಯಾಣದ ಬಳಿಯ ಠಾಕುರ್ಲಿಯಲ್ಲಿದ್ದೇವೆ. ಅಪ್ಪ ದೋಣಿಯ ಪಾಲು ಬಿಟ್ಟುಕೊಟ್ಟು ಬಹಳ ಕಾಲವಾಯಿತು, ಬಾಳು ಕಾಕಾ ಇಲ್ಲ. ಖಾಡಿಯಲ್ಲಿ ಉಳಿದ ಕೆಲವು ದೋಣಿಗಳೂ ಸದ್ದಿಲ್ಲದೆ ಓಡುತ್ತವೆ ಎಂದು ಕೇಳಿದ್ದೇನೆ, ಅವುಗಳಿಗೆ ದಾರಿ ಬಿಡಲು ನೀರಿನಲ್ಲಿ ಹೆಚ್ಚು ಹೆಂಗಸರೂ ಇಲ್ಲ. ನೆಂಟರು ಬಂದಾಗ ಮರುವಾಯಿ ಹೋಯಿತು, ಆ ರುಚಿ ಹೋಯಿತು ಎಂದು ನಾವೆಲ್ಲ ನಿಟ್ಟುಸಿರು ಬಿಡುತ್ತೇವೆ. ಮರುವಾಯಿ ಬೇಕೆಂದರೆ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಈಗಲೂ ಸಿಗುತ್ತದೆ. ನನಗೆ ಸಿಗದಿರುವುದು ಹಿಂದೆ ಏನಿದೆಯೆಂಬ ಚಿಂತೆಯೇ ಇಲ್ಲದೆ ಬಗ್ಗಿ ನಿಂತು ನಗುತ್ತಿದ್ದ ಅಮ್ಮ.

ಮೊನ್ನೆ ಕೆಲಸದಿಂದ ಬೇಗ ಬಂದೆ. ಅಮ್ಮ ಅಡುಗೆಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ ಮೀನು ಕೊಯ್ಯುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಅವಳ ಕಣ್ಣು ನನ್ನ ಮೇಲಿತ್ತು.

"ನಾನೇ ಅಮ್ಮ," ಎಂದೆ.

"ಗೊತ್ತುಂಟು," ಎಂದಳು. ಆದರೆ ನಾನು ಬಂದು ಎದುರಿಗೆ ಕೂರುವ ತನಕ ಕತ್ತಿಯ ಮೇಲಿನ ಅವಳ ಕೈ ಆಡಲಿಲ್ಲ.